ಫೋಟೋ ಎಡಿಟಿಂಗ್ ಆನ್‌ಲೈನ್‌ನಲ್ಲಿ ಕಲಿಯೋದು ಹೇಗೆ? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಆಲ್ಬಂ ಡಿಸೈನ್ ಮಾಡುತ್ತೇನೆ. ಸುತ್ತಮುತ್ತಲಿನ ಸ್ಟುಡಿಯೋದವರು ಮದುವೆ ಫೋಟೋಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ತಂದು ಕೊಡುತ್ತಾರೆ, ನಾನು ಶೀಟ್, ಅಂದರೆ ಫೋಟೋ ಜೋಡಿಸಿದ ಆಲ್ಬಂ ಪುಟ, ಮಾಡಿ ಕೊಡುತ್ತೇನೆ. ಕೆಲಸ ನೋಡಿದವರು "ಇದನ್ನ ಎಲ್ಲಿ ಕಲಿಯೋದು?" ಅಂತ ಕೇಳುತ್ತಲೇ ಇರುತ್ತಾರೆ. ಡಿಗ್ರಿ ಓದುವ ಹುಡುಗರು ಕೇಳುತ್ತಾರೆ, ಮೂಡಿಗೆರೆ ಕಡೆಯ ಹೋಂಸ್ಟೇ ನಡೆಸುವವರು ಕೇಳುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೆ ಸ್ವಲ್ಪ ಬಿಡುವಿರುವ ಹೆಣ್ಣುಮಕ್ಕಳೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಒಂದು ಕೋರ್ಸಿನ ಹೆಸರು ಬೇಕು. ಎಲ್ಲರಿಗೂ ಹೊಂದುವ ಕೋರ್ಸ್ ಅಂತ ಯಾವುದೂ ಇಲ್ಲ. ಅವರವರ ಕೆಲಸಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಬೇಕು. ಆರಿಸುವುದು ಹೇಗೆ ಅನ್ನುವುದಕ್ಕೆ ನಾನು ಕೊಡುವ ಉತ್ತರಗಳು ಇಲ್ಲಿವೆ.

ಫೋಟೋಶಾಪ್, ಲೈಟ್‌ರೂಮ್, ಮೊಬೈಲ್ ಆಪ್. ಯಾವುದರಿಂದ ಶುರು ಮಾಡಲಿ?

ಮೊದಲು ನಿಮಗೆ ಯಾವ ಕೆಲಸ ಆಗಬೇಕು ಹೇಳಿ. ಸಾಫ್ಟ್‌ವೇರ್ ಮಾತು ಆಮೇಲೆ.

ಹೋಂಸ್ಟೇ ರೂಮು, ತೋಟದ ಫೋಟೋ ಸ್ವಲ್ಪ ಚೆಂದ ಮಾಡಿ ಹಾಕಬೇಕು ಅಷ್ಟೇ ಅಂದರೆ ಫೋನಿನಲ್ಲಿ ಸ್ನ್ಯಾಪ್‌ಸೀಡ್ ಸಾಕು. ಅದು ಗೂಗಲ್‌ನದು, ಉಚಿತ. ಲೈಟ್‌ರೂಮ್ ಮೊಬೈಲ್ ಆಪ್‌ನಲ್ಲೂ ಬೇಸಿಕ್ ಕೆಲಸಗಳು ಉಚಿತ, ಕೆಲವು ಸೌಲಭ್ಯಕ್ಕೆ ಮಾತ್ರ ಹಣ ಕೇಳುತ್ತದೆ. ಇಷ್ಟು ಕೆಲಸಕ್ಕೆ ಫೋಟೋಶಾಪ್ ಕೋರ್ಸ್ ಕೊಂಡರೆ ದುಡ್ಡು ದಂಡ.

ಮದುವೆ, ನಾಮಕರಣಕ್ಕೆ ಕ್ಯಾಮೆರಾ ಹಿಡಿಯುವವರಿಗೆ ಲೈಟ್‌ರೂಮ್ ಮೊದಲು ಬೇಕು. ಸಾವಿರಾರು ಫೋಟೋಗಳಲ್ಲಿ ಒಳ್ಳೆಯವನ್ನು ಆರಿಸಬೇಕು, ಒಂದರ ಬಣ್ಣ ಸರಿ ಮಾಡಿ ಅದೇ ಬೆಳಕಿನಲ್ಲಿ ತೆಗೆದ ಉಳಿದವಕ್ಕೂ ಅದನ್ನೇ ಹಾಕಬೇಕು. ಆ ಕೆಲಸ ಫೋಟೋಶಾಪ್‌ನಲ್ಲಿ ಒಂದೊಂದಾಗಿ ಮಾಡುತ್ತಾ ಕೂತರೆ ಮದುಮಕ್ಕಳಿಗೆ ಮಗು ಆಗುವ ಹೊತ್ತಿಗೆ ಆಲ್ಬಂ ಸಿಗುತ್ತದೆ. ಆಲ್ಬಂ ಶೀಟ್, ಹಳೇ ಫೋಟೋ ರಿಪೇರಿ, ಹಿನ್ನೆಲೆ ಬದಲಾಯಿಸುವುದು ಇವೆಲ್ಲ ಫೋಟೋಶಾಪ್ ಕೆಲಸ.

ಇನ್ನೊಂದು ಮಾತು. ಫ್ಲೆಕ್ಸ್, ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್ ಮಾಡುವ ಅಂಗಡಿಯಲ್ಲಿ ಕೆಲಸ ಬೇಕು ಅನ್ನುವವರು ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಕೂಡ ಕಲಿಯಬೇಕು. ನಮ್ಮ ಕಡೆ ಪ್ರಿಂಟಿಂಗ್ ಅಂಗಡಿಗಳು ಅದನ್ನೇ ಜಾಸ್ತಿ ನಂಬಿವೆ. ಫೋಟೋ ಎಡಿಟಿಂಗ್ ಕೋರ್ಸ್ ಮಾರುವವರು ಈ ಮಾತು ಹೇಳುವುದಿಲ್ಲ.

ದುಡ್ಡು ಕೊಡದೆ ಕಲಿಯೋಕೆ ಆಗುತ್ತಾ?

ಆಗುತ್ತದೆ. ಶುರುವಿನ ಹಂತಕ್ಕಂತೂ ದುಡ್ಡೇ ಬೇಡ.

ಫೋಟೋಶಾಪ್ ಒಳಗೇ ಕಲಿಕೆಯ ಪಾಠಗಳಿವೆ, ಅದನ್ನು ಮಾಡಿದ ಅಡೋಬಿಯವರ ಜಾಲತಾಣದಲ್ಲೂ ಇವೆ. ತುಂಬ ಜನ ಅದನ್ನು ತೆರೆದು ಕೂಡ ನೋಡಿರುವುದಿಲ್ಲ. ಯೂಟ್ಯೂಬ್‌ನಲ್ಲಿ ಪಿಕ್ಸಿಂಪರ್ಫೆಕ್ಟ್ ಅನ್ನುವ ಚಾನೆಲ್ ಇದೆ. ನಮ್ಮ ದೇಶದವರೇ ಆದ ಉನ್ಮೇಶ್ ದಿಂಡಾ ನಡೆಸುತ್ತಾರೆ. ಇಂಗ್ಲಿಷ್‌ನಲ್ಲಿದೆ, ಆದರೆ ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಯಾವ ಬಟನ್ ಒತ್ತಬೇಕು ಅನ್ನುವುದರ ಜೊತೆಗೆ ಯಾಕೆ ಒತ್ತಬೇಕು ಅನ್ನುವುದನ್ನೂ ಹೇಳುತ್ತಾರೆ. ನಾನು ಹುಡುಗರಿಗೆ ಮೊದಲು ತೋರಿಸುವುದು ಇದನ್ನೇ.

ಫೋಟೋಶಾಪ್ ತರಹದ ಉಚಿತ ಸಾಫ್ಟ್‌ವೇರ್ ಆದ ಗಿಂಪ್ ಕಲಿಯುವುದಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಅದರ ಪಾಠಗಳಿವೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷ. ಪರದೆಯ ಅರ್ಧದಲ್ಲಿ ವಿಡಿಯೋ, ಇನ್ನರ್ಧದಲ್ಲಿ ಸಾಫ್ಟ್‌ವೇರ್ ಇಟ್ಟುಕೊಂಡು ನೋಡುತ್ತಾ ಮಾಡುವುದು ಅವರ ಪದ್ಧತಿ. ಬೇರೆ ಯಾವ ಕೋರ್ಸ್ ನೋಡಿದರೂ ಈ ಪದ್ಧತಿಯನ್ನೇ ಅನುಸರಿಸಿ. ಪಾಠಗಳು ಗಿಂಪ್‌ನ ಹಳೇ ಆವೃತ್ತಿಯವು. 2025ರಲ್ಲಿ ಬಂದ ಗಿಂಪ್ 3.0 ನೋಡಲು ಸ್ವಲ್ಪ ಬೇರೆ ಇದೆ, ಬುಡ ಒಂದೇ.

ಯೂಟ್ಯೂಬ್ ಇರುವಾಗ ಕೋರ್ಸ್ ಯಾಕೆ ಕೊಳ್ಳಬೇಕು?

ಯೂಟ್ಯೂಬ್‌ನಲ್ಲಿ ಎಲ್ಲವೂ ಇದೆ, ಆದರೆ ಯಾವುದರ ಆಮೇಲೆ ಯಾವುದು ಅನ್ನುವ ಕ್ರಮ ಇಲ್ಲ. ಇವತ್ತು ಆಕಾಶ ಬದಲಾಯಿಸುವುದು, ನಾಳೆ ಬೆಂಕಿ ಎಫೆಕ್ಟ್, ನಾಡಿದ್ದು ಸಿನಿಮಾ ಪೋಸ್ಟರ್. ತಿಂಗಳು ಕಳೆದರೂ "ಈ ಫೋಟೋದಲ್ಲಿ ಮುಖ ಮಾತ್ರ ಸ್ವಲ್ಪ ಬೆಳಕು ಮಾಡು" ಅಂದರೆ ಕೈ ನಡುಗುತ್ತದೆ. ಕೋರ್ಸಿಗೆ ಕೊಡುವ ದುಡ್ಡು ಆ ಕ್ರಮಕ್ಕೆ ಮತ್ತು ಅಭ್ಯಾಸದ ಫೈಲ್‌ಗಳಿಗೆ.

ಶಿಸ್ತಿದ್ದರೆ ಕ್ರಮವನ್ನು ನೀವೇ ಹಾಕಿಕೊಳ್ಳಬಹುದು. ಕ್ರಾಪ್ ಮತ್ತು ಅಳತೆ, ಲೆವೆಲ್ಸ್ ಮತ್ತು ಕರ್ವ್ಸ್ (ಬೆಳಕು ಸರಿ ಮಾಡುವುದು), ಲೇಯರ್ (ಒಂದರ ಮೇಲೊಂದು ಇಡುವ ಪದರ), ಸೆಲೆಕ್ಷನ್ (ಬೇಕಾದ ಭಾಗ ಆರಿಸುವುದು), ಲೇಯರ್ ಮಾಸ್ಕ್, ಅಡ್ಜಸ್ಟ್‌ಮೆಂಟ್ ಲೇಯರ್, ಹೀಲಿಂಗ್ ಮತ್ತು ಕ್ಲೋನ್ (ಕಲೆ, ಬೇಡದ್ದನ್ನು ಮುಚ್ಚುವುದು), ಬ್ಲೆಂಡ್ ಮೋಡ್, ಪೆನ್ ಟೂಲ್, ಕೊನೆಗೆ ಪ್ರಿಂಟಿಗೆ ಕಳಿಸುವುದು. ಇದನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ. ಒಂದು ಮುಗಿಯದೆ ಮುಂದಿನ ವಿಡಿಯೋ ತೆರೆಯಬೇಡಿ.

ಒಳ್ಳೇ ಕೋರ್ಸ್ ಅಂತ ಮೊದಲೇ ಗೊತ್ತಾಗೋದು ಹೇಗೆ?

ಎಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪಾಠಗಳ ಪಟ್ಟಿ ತೆಗೆದು ಲೇಯರ್ ಮಾಸ್ಕ್ ಎಷ್ಟನೆಯ ಪಾಠದಲ್ಲಿ ಬರುತ್ತದೆ ನೋಡಿ. ಮಾಸ್ಕ್ ಅಂದರೆ ಫೋಟೋದ ಒಂದು ಭಾಗವನ್ನು ಅಳಿಸದೆ ಮರೆಮಾಡುವುದು. ಬಿಳಿ ಬಳಿದ ಕಡೆ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ. ಬೇಡ ಅನಿಸಿದರೆ ಮತ್ತೆ ಬಿಳಿ ಬಳಿದರಾಯಿತು. ಫೋಟೋಶಾಪ್ ಕೆಲಸದ ಅರ್ಧ ಭಾಗ ಇದರ ಮೇಲೆ ನಿಂತಿದೆ. ಮಾಸ್ಕ್ ಹೇಳಿಕೊಡುವ ಮೊದಲೇ ಇರೇಸರ್‌ನಿಂದ ಹಿನ್ನೆಲೆ ಅಳಿಸುವುದನ್ನು ಕಲಿಸುವ ಕೋರ್ಸ್ ಆದರೆ ಅಲ್ಲಿಗೇ ಬಿಡಿ. ಆ ಅಭ್ಯಾಸ ಕೈಗೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ.

ಆಮೇಲೆ ಉಚಿತವಾಗಿ ನೋಡಲು ಬಿಟ್ಟಿರುವ ಪಾಠ ನೋಡಿ. ಪರಿಚಯದ ಪಾಠ ಬೇಡ, ಅದರಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ನಡುವಿನದೊಂದು ನೋಡಿ. ಹೇಳಿಕೊಡುವವರು "ಇದನ್ನ 35ಕ್ಕೆ ಇಡಿ, ಅದನ್ನ 20ಕ್ಕೆ ಇಡಿ" ಅನ್ನುತ್ತಾರಾ, ಅಥವಾ "ಇಲ್ಲಿ ನೆರಳು ಜಾಸ್ತಿ ಆಯ್ತು, ಅದಕ್ಕೇ ಎತ್ತುತ್ತಿದ್ದೇನೆ, ಇನ್ನೂ ಎತ್ತಿದರೆ ನಾಯ್ಸ್ (ಕಾಳು ಕಾಳು) ಬರುತ್ತದೆ, ಅದಕ್ಕೇ ಇಲ್ಲಿ ನಿಲ್ಲಿಸಿದೆ" ಅನ್ನುತ್ತಾರಾ? ಮೊದಲಿನವರ ಅಂಕಿ ಅವರ ಫೋಟೋಗೆ ಮಾತ್ರ ಸರಿ. ಎರಡನೆಯವರ ಮಾತು ನಿಮ್ಮ ಫೋಟೋಗೂ ಕೆಲಸಕ್ಕೆ ಬರುತ್ತದೆ.

ಅವರು ಕೊಡುವ ಅಭ್ಯಾಸದ ಫೈಲ್ ಎಂಥದ್ದು ನೋಡಿ. ಮಾಡೆಲ್‌ಗೆ ಮೇಕಪ್ ಮಾಡಿಸಿ, ಸ್ಟುಡಿಯೋ ಲೈಟ್ ಹಾಕಿ ತೆಗೆದ ಫೋಟೋ ಮೇಲೆ ಏನು ಮಾಡಿದರೂ ಚೆಂದವೇ ಕಾಣುತ್ತದೆ. ಕೆಟ್ಟ ಬೆಳಕಿನ, ಓರೆಯಾದ, ಹಿಂದೆ ಕಸದ ಬುಟ್ಟಿ ಇರುವ ಫೋಟೋ ಕೊಟ್ಟು ಸರಿ ಮಾಡಿ ತೋರಿಸುವವರು ನಿಜವಾದ ಮೇಷ್ಟ್ರು.

ರಿವ್ಯೂ ಓದುವಾಗ ಐದು ಸ್ಟಾರಿನವನ್ನೂ ಒಂದು ಸ್ಟಾರಿನವನ್ನೂ ಬಿಟ್ಟು ಮೂರು ಸ್ಟಾರ್ ಕೊಟ್ಟವರದ್ದು ಓದಿ. ಏನು ಇಷ್ಟವಾಯಿತು, ಎಲ್ಲಿ ಬೇಜಾರಾಯಿತು ಅಂತ ಅವರೇ ಬಿಡಿಸಿ ಬರೆದಿರುತ್ತಾರೆ. ಕಲಿಯುವವರ ಪ್ರಶ್ನೆಗೆ ಮೇಷ್ಟ್ರು ಕೊನೆಯ ಸಲ ಯಾವಾಗ ಉತ್ತರ ಕೊಟ್ಟಿದ್ದಾರೆ ಅನ್ನುವುದನ್ನೂ ನೋಡಿ.

ಒಟ್ಟು ಎಷ್ಟು ಗಂಟೆ ಅನ್ನುವುದನ್ನು ನೋಡಲೇಬೇಡಿ. 60 ಗಂಟೆಯ ಕೋರ್ಸ್ ಅಂದರೆ ಎಷ್ಟೋ ಸಲ ಪ್ರತಿ ಮೆನುವನ್ನೂ ಓದಿ ಹೇಳುವುದು ಅಂತಲೇ ಅರ್ಥ.

ಕನ್ನಡದಲ್ಲಿ ಕೋರ್ಸ್ ಇಲ್ವಾ? ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಕನ್ನಡದಲ್ಲಿ ಯೂಟ್ಯೂಬ್ ಪಾಠಗಳಿವೆ. ಹುಡುಕುವಾಗ ಕನ್ನಡ ಅಕ್ಷರದಲ್ಲೂ ಬರೆದು ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೂ ಬರೆದು ಹುಡುಕಿ. ಬೇರೆ ಬೇರೆ ವಿಡಿಯೋ ಬರುತ್ತವೆ. ಶುರುವಿನ ಪಾಠಗಳು, ಪಾಸ್‌ಪೋರ್ಟ್ ಫೋಟೋ, ಆಲ್ಬಂ ಶೀಟ್ ಇವೆಲ್ಲ ಸಿಗುತ್ತವೆ. ಆಳಕ್ಕೆ ಹೋದಂತೆ, ಬಣ್ಣದ ಕೆಲಸ, ಚರ್ಮದ ರೀಟಚಿಂಗ್ ಅಂತ ಬಂದಾಗ ಕಡಿಮೆಯಾಗುತ್ತಾ ಹೋಗುತ್ತದೆ. ಅಲ್ಲಿಂದ ಮುಂದೆ ಹಿಂದಿ ಅಥವಾ ಇಂಗ್ಲಿಷ್ ಪಾಠ ನೋಡಲೇಬೇಕು.

ಹೆದರಬೇಡಿ. ಸಾಫ್ಟ್‌ವೇರಿನ ಮೆನು ಹೇಗೂ ಇಂಗ್ಲಿಷ್‌ನಲ್ಲೇ ಇದೆ. ಐವತ್ತು ಅರವತ್ತು ಪದ ಗೊತ್ತಾದರೆ ವಿಡಿಯೋದಲ್ಲಿ ಕೈ ಎಲ್ಲಿ ಹೋಗುತ್ತಿದೆ ಅನ್ನುವುದನ್ನು ನೋಡಿಯೇ ಅರ್ಥವಾಗುತ್ತದೆ. ಯೂಟ್ಯೂಬ್ ತಾನೇ ಅನುವಾದ ಮಾಡಿ ತೋರಿಸುವ ಕನ್ನಡ ಸಬ್‌ಟೈಟಲ್ ಬೇಡ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ವೇಗ ಕಡಿಮೆ ಮಾಡಿ ನೋಡಿ. ಯಂತ್ರದ ಅನುವಾದದಲ್ಲಿ ಟೂಲಿನ ಹೆಸರನ್ನೂ ಅನುವಾದ ಮಾಡಿಬಿಡುತ್ತದೆ. ಆಮೇಲೆ ಅದನ್ನು ಯಾವ ಮೆನುವಿನಲ್ಲಿ ಹುಡುಕುತ್ತೀರಿ?

ಉಡೆಮಿಯಲ್ಲಿ "ಇವತ್ತೇ ಕೊನೆ ದಿನ" ಅಂತ ಡಿಸ್ಕೌಂಟ್ ತೋರಿಸ್ತಿದೆ. ಕೊಂಡುಬಿಡ್ಲಾ?

ಅವಸರ ಬೇಡ. ಉಡೆಮಿ ಅಂದರೆ ಆನ್‌ಲೈನ್ ಕೋರ್ಸ್ ಮಾರುವ ತಾಣ. ಅಲ್ಲಿ ಸಾವಿರಗಟ್ಟಲೆ ಬೆಲೆ ಬರೆದಿರುವ ಕೋರ್ಸ್ ವರ್ಷದಲ್ಲಿ ಎಷ್ಟೋ ಸಲ ಕೆಲವು ನೂರು ರೂಪಾಯಿಗೆ ಇಳಿಯುತ್ತದೆ. ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಅಗತ್ಯವೇ ಇಲ್ಲ. ಒಂಟಿಯಾಗಿ ಕೊಂಡ ಕೋರ್ಸ್ ಹಿಡಿಸದಿದ್ದರೆ ಸಾಮಾನ್ಯವಾಗಿ 30 ದಿನದೊಳಗೆ ಹಣ ವಾಪಸ್ ಕೇಳಬಹುದು. ಅದಕ್ಕೇ ಕೊಂಡು ಸುಮ್ನೆ ಇಡಬೇಡಿ, ಮೊದಲ ವಾರದಲ್ಲೇ ನಾಲ್ಕೈದು ಪಾಠ ಮಾಡಿ ನೋಡಿ.

ಅಂಥದ್ದೇ ಇನ್ನೊಂದು ತಾಣವಾದ ಕೋರ್ಸೆರಾದಲ್ಲಿ ಹಣಕ್ಕೆ ತೊಂದರೆ ಇರುವವರು ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು. ತಿಂಗಳ ಚಂದಾ ಕಟ್ಟುವ ಲಿಂಕ್ಡ್‌ಇನ್ ಲರ್ನಿಂಗ್‌ನಂಥವು ಬಿಡುವಿದ್ದು ಒಂದೇ ತಿಂಗಳಲ್ಲಿ ಕೂತು ಮುಗಿಸುವವರಿಗೆ ಲಾಭ, ಉಳಿದವರಿಗೆ ನಷ್ಟ.

ವಾಟ್ಸಾಪ್‌ನಲ್ಲಿ ಬಂದ ಲೈವ್ ಕ್ಲಾಸ್, "ಕೆಲಸ ಗ್ಯಾರಂಟಿ" ಅಂತಾರೆ. ಸೇರಬಹುದಾ?

ಕೆಲಸ ಗ್ಯಾರಂಟಿ ಅನ್ನುವ ಮಾತು ಬಂದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯಿರಿ. ಅರಸೀಕೆರೆ ಕಡೆಯ ಪರಿಚಯದ ಹುಡುಗ ಹೀಗೇ ಒಂದಕ್ಕೆ ಪೂರ್ತಿ ಫೀಸ್ ಮೊದಲೇ ಕಟ್ಟಿದ. ಶುರುವಿನ ಕೆಲವು ಕ್ಲಾಸ್ ನಡೆದವು. ಆಮೇಲೆ ರೆಕಾರ್ಡ್ ಮಾಡಿದ ವಿಡಿಯೋ ಕಳಿಸಿದರು, ಅದಾದ ಮೇಲೆ ಗ್ರೂಪೇ ಮಾಯ. ಫೀಸ್ ಕಂತಿನಲ್ಲಿ ಕಟ್ಟಲು ಬಿಡುತ್ತಾರಾ ಕೇಳಿ, ಹಿಂದಿನ ಬ್ಯಾಚಿನವರ ಜೊತೆ ಫೋನಿನಲ್ಲಿ ಮಾತಾಡಿಸಿ ಅನ್ನಿ, ಒಂದು ಕ್ಲಾಸ್ ಉಚಿತವಾಗಿ ಕೂರಲು ಕೇಳಿ. ಮೂರಕ್ಕೂ ಇಲ್ಲ ಅಂದರೆ ನೀವೂ ಇಲ್ಲ ಅನ್ನಿ.

ಈಗಾಗಲೇ ದುಡ್ಡು ಹೋಗಿದ್ದರೆ, ಆನ್‌ಲೈನ್ ವಂಚನೆಗೆ 1930, ಸೇವೆಯಲ್ಲಿ ಮೋಸಕ್ಕೆ ಗ್ರಾಹಕ ಸಹಾಯವಾಣಿ 1915. ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಸೀದಿ ಅಳಿಸಬೇಡಿ.

ಲೈವ್ ಕ್ಲಾಸೇ ಕೆಟ್ಟದ್ದು ಅಂತಲ್ಲ. ನಿಮ್ಮ ಫೋಟೋ ತೆರೆದು ನಿಮ್ಮ ಎದುರಿಗೇ ಸರಿ ಮಾಡಿ ತೋರಿಸುವ ಸಣ್ಣ ಬ್ಯಾಚ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನೂರು ಜನರ ಮೈಕ್ ಮ್ಯೂಟ್ ಮಾಡಿ ನಡೆಸುವ ಲೈವ್ ಕ್ಲಾಸಿಗೂ ಯೂಟ್ಯೂಬ್‌ಗೂ ವ್ಯತ್ಯಾಸ ಇಲ್ಲ.

ಹಳೇ ಕೋರ್ಸ್ ಕಡಿಮೆಗೆ ಸಿಗ್ತಿದೆ. ಪರವಾಗಿಲ್ವಾ?

ಏನು ಕಲಿಯುತ್ತೀರಿ ಅನ್ನುವುದರ ಮೇಲಿದೆ. ಫೋಟೋಶಾಪ್ ಬಂದದ್ದು 1990ರಲ್ಲಿ, ಲೇಯರ್ ಬಂದದ್ದು 1994ರಲ್ಲಿ. ಲೇಯರ್, ಮಾಸ್ಕ್, ಕರ್ವ್ಸ್, ಪೆನ್ ಟೂಲ್ ಇವುಗಳ ತತ್ವ ಅವತ್ತಿನಿಂದ ಬದಲಾಗಿಲ್ಲ, ಹತ್ತು ವರ್ಷದ ಹಿಂದಿನ ಪಾಠವೂ ನಡೆಯುತ್ತದೆ. ಆದರೆ ಸೆಲೆಕ್ಷನ್ ಮಾಡುವುದು, ಬೇಡದ್ದನ್ನು ತೆಗೆಯುವುದು ಈಗ ಪೂರ್ತಿ ಬೇರೆ. ಬೇಡದ್ದನ್ನು ತೆಗೆಯುವ ರಿಮೂವ್ ಟೂಲ್, ಎಐ ತುಂಬಿಕೊಡುವ ಜನರೇಟಿವ್ ಫಿಲ್ ಎರಡೂ ಬಂದದ್ದು 2023ರಲ್ಲಿ. ಹಿನ್ನೆಲೆಯಿಂದ ಕೂದಲಿನ ಅಂಚು ಬಿಡಿಸುವುದನ್ನು ಅರ್ಧ ಗಂಟೆ ಹೇಳಿಕೊಡುವ ಹಳೇ ಪಾಠವನ್ನು ಈಗ ನೋಡುವ ಅಗತ್ಯ ಇಲ್ಲ.

ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ಕಟ್ಟಬೇಕಂತೆ. ಕ್ರ್ಯಾಕ್ ಹಾಕಿಕೊಂಡ್ರೆ ಆಗಲ್ವಾ?

ಊರಲ್ಲಿ ಪೆನ್‌ಡ್ರೈವ್‌ನಲ್ಲಿ ಓಡಾಡುವುದೇ ಆ ಕಳ್ಳ ಕಾಪಿ, ಗೊತ್ತು. ಕಾನೂನಿನ ಮಾತು ಒಂದು ಕಡೆ ಇರಲಿ. ಕ್ರ್ಯಾಕ್ ಹಾಕುವಾಗ ಮೊದಲು ಹೇಳುವುದೇ "ಆಂಟಿವೈರಸ್ ಆಫ್ ಮಾಡಿ" ಅಂತ. ಯಾಕೆ ಅಂತ ಯೋಚಿಸಿ. ಅದೇ ಕಂಪ್ಯೂಟರಿನಲ್ಲಿ ಬೇರೆಯವರ ಮದುವೆ ಫೋಟೋ ಇರುತ್ತದೆ, ನಿಮ್ಮ ಬ್ಯಾಂಕ್ ಲಾಗಿನ್ ಇರುತ್ತದೆ. ವೈರಸ್ ಬಂದು ಫೈಲ್‌ಗಳೆಲ್ಲ ಲಾಕ್ ಆದರೆ ಗಿರಾಕಿಗೆ ಏನು ಹೇಳುತ್ತೀರಿ?

ಕಲಿಯುವಾಗ ಫೋಟೋಪಿ ಬಳಸಿ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಇನ್‌ಸ್ಟಾಲ್ ಬೇಡ, ಉಚಿತ, ಜಾಹೀರಾತು ತೋರಿಸುತ್ತದೆ ಅಷ್ಟೇ. ಪಿಎಸ್‌ಡಿ, ಅಂದರೆ ಲೇಯರ್ ಸಮೇತ ಉಳಿಯುವ ಫೋಟೋಶಾಪ್ ಫೈಲ್, ತೆರೆಯುತ್ತದೆ. ಮೆನು, ಶಾರ್ಟ್‌ಕಟ್ ಎಲ್ಲ ಹೆಚ್ಚುಕಡಿಮೆ ಫೋಟೋಶಾಪ್ ತರಹವೇ ಇರುವುದರಿಂದ ಫೋಟೋಶಾಪ್ ಕೋರ್ಸಿನ ಶುರುವಿನ ಪಾಠಗಳನ್ನು ಇದರಲ್ಲೇ ಮಾಡಬಹುದು. ಅಫಿನಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಈಗ ಕ್ಯಾನ್ವಾ ಖಾತೆ ಇದ್ದರೆ ಉಚಿತ. ಲೈಟ್‌ರೂಮ್ ಬದಲಿಗೆ ಡಾರ್ಕ್‌ಟೇಬಲ್ ಇದೆ, ಅದೂ ಉಚಿತ, ಆದರೆ ಹೊಸಬರಿಗೆ ಸ್ವಲ್ಪ ತಲೆನೋವು.

ಕೆಲಸ ಬರಲು ಶುರುವಾದ ಮೇಲೆ ಅಡೋಬಿಯ ಫೋಟೋಗ್ರಫಿ ಪ್ಲಾನ್ ತೆಗೆದುಕೊಳ್ಳಿ, ಫೋಟೋಶಾಪ್ ಮತ್ತು ಲೈಟ್‌ರೂಮ್ ಎರಡೂ ಅದರಲ್ಲಿ ಸೇರಿವೆ. ಒಂದು ಎಚ್ಚರಿಕೆ: ವರ್ಷದ ಪ್ಲಾನ್ ತೆಗೆದುಕೊಂಡು ತಿಂಗಳು ತಿಂಗಳು ಕಟ್ಟುವ ಆಯ್ಕೆಯಲ್ಲಿ, ಮೊದಲ 14 ದಿನ ಕಳೆದು ನಡುವೆ ಬಿಟ್ಟರೆ ದಂಡ ಬೀಳುತ್ತದೆ. 7 ದಿನದ ಉಚಿತ ಟ್ರಯಲ್‌ಗೂ ಕಾರ್ಡ್ ಕೇಳುತ್ತಾರೆ. ರದ್ದು ಮಾಡದಿದ್ದರೆ ಎಂಟನೇ ದಿನದಿಂದ ದುಡ್ಡು ಹೋಗುತ್ತದೆ.

ಯಾವ ಕಂಪ್ಯೂಟರ್ ಬೇಕು?

ಲೆಕ್ಕ ಹಾಕಿ ಹೇಳುತ್ತೇನೆ. ಆಲ್ಬಂನ ಒಂದು ಶೀಟ್ 12 ಇಂಚು ಎತ್ತರ, 36 ಇಂಚು ಅಗಲ. ಇಂಚಿಗೆ 300 ಪಿಕ್ಸೆಲ್ ಅಂದರೆ 3600 × 10800, ಸುಮಾರು 3.9 ಕೋಟಿ ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರ್‌ಗೆ 110 ಎಂಬಿ ಮೇಲೆಯೇ ಮೆಮೊರಿ ಬೇಕು. ಹತ್ತು ಲೇಯರ್ ಇಟ್ಟರೆ ಒಂದು ಜಿಬಿ ದಾಟಿತು. ಇದಕ್ಕೇ 8 ಜಿಬಿ ರ‍್ಯಾಮ್ ಇದ್ದರೆ ಫೋಟೋಶಾಪ್ ಓಡುತ್ತದೆ ಅಷ್ಟೇ, 16 ಇದ್ದರೆ ಕೆಲಸ ಸಾಗುತ್ತದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಬರೀ ಕಲಿಯುವುದಕ್ಕಾದರೆ ಮನೆಯಲ್ಲಿರುವ ಲ್ಯಾಪ್‌ಟಾಪ್ ಸಾಕು, ಚಿಕ್ಕ ಫೋಟೋ ಇಟ್ಟುಕೊಂಡು ಮಾಡಿ. ಟಚ್‌ಪ್ಯಾಡ್‌ನಲ್ಲಿ ಮಾತ್ರ ಕಲಿಯಬೇಡಿ, ಒಂದು ಮೌಸ್ ತನ್ನಿ.

ನಮ್ಮದು ಸಕಲೇಶಪುರದ ಒಳಗೆ. ಮಳೆ ಬಂದ್ರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಹಾಗಿದ್ದರೆ ಲೈವ್ ಕ್ಲಾಸ್ ಬೇಡವೇ ಬೇಡ. ಆಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆ ನೋಡಲು ಬಿಡುವ ಕೋರ್ಸ್ ಆರಿಸಿ. ಪೇಟೆಗೆ ಬಂದಾಗ ವಾರಕ್ಕಾಗುವಷ್ಟು ಪಾಠ ಇಳಿಸಿಕೊಳ್ಳಿ. ವಿಡಿಯೋ ಗುಣಮಟ್ಟ 720ಕ್ಕಿಂತ ಕೆಳಗೆ ಹೋದರೆ ಮೆನು ಅಕ್ಷರ ಓದಲು ಬರುವುದಿಲ್ಲ. ಪಾಠ ಫೋನಿನಲ್ಲಿ, ಕೆಲಸ ಕಂಪ್ಯೂಟರಿನಲ್ಲಿ. ಫೋಟೋಪಿ ತೆರೆಯಲು ನೆಟ್ ಬೇಕಾಗುವುದರಿಂದ ನಿಮಗೆ ಗಿಂಪ್ ವಾಸಿ.

ಕರೆಂಟ್ ಹೋಗುವ ಊರಿನಲ್ಲಿ ಫೋಟೋಶಾಪ್ ಹಾಕಿದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಪ್ರಿಫರೆನ್ಸಸ್‌ನಲ್ಲಿ ಫೈಲ್ ಹ್ಯಾಂಡ್ಲಿಂಗ್‌ಗೆ ಹೋಗಿ, ಹತ್ತು ನಿಮಿಷಕ್ಕೊಮ್ಮೆ ತಾನೇ ಉಳಿಸುವುದನ್ನು ಐದಕ್ಕೆ ಇಳಿಸಿ.

ಅಭ್ಯಾಸಕ್ಕೆ ಯಾವ ಫೋಟೋ ಇಟ್ಟುಕೊಳ್ಳೋದು?

ಕೋರ್ಸ್ ಕೊಟ್ಟ ಫೋಟೋ ಒಂದು ಸಲ. ಆಮೇಲೆ ಅದೇ ಪಾಠವನ್ನು ನೀವು ತೆಗೆದ ಫೋಟೋ ಮೇಲೆ ಮಾಡಿ. ಪಾಠ ಅರ್ಥವಾಗಿದೆಯೋ ಇಲ್ಲವೋ ಆಗಲೇ ಗೊತ್ತಾಗುವುದು.

ಈ ವಿಷಯದಲ್ಲಿ ನಮ್ಮ ಜಿಲ್ಲೆಗಳಷ್ಟು ಅನುಕೂಲ ಬೇರೆಯವರಿಗಿಲ್ಲ. ಹಳೇಬೀಡಿಗೆ ಹೋಗಿ ಗೋಡೆಯ ಶಿಲ್ಪ ತೆಗೆಯಿರಿ. ಬಳಪದ ಕಲ್ಲು, ಬಣ್ಣ ಗಾಢ, ಕೆತ್ತನೆ ಆಳ. ಮಧ್ಯಾಹ್ನದ ಬಿಸಿಲಿನಲ್ಲಿ ಮೂಗಿನ ತುದಿ ಬೆಳ್ಳಗೆ, ಕತ್ತಿನ ಹಾರ ಕಪ್ಪಲ್ಲಿ ಕಪ್ಪು. ಶ್ಯಾಡೋ (ನೆರಳಿನ ಭಾಗ) ಎತ್ತುವುದು, ಹೈಲೈಟ್ (ತೀರಾ ಬೆಳ್ಳಗಿನ ಭಾಗ) ಇಳಿಸುವುದು, ಕರ್ವ್ಸ್ ಇವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಫೋಟೋ ಸಿಗುವುದಿಲ್ಲ. ಶ್ಯಾಡೋ ಪೂರ್ತಿ ಎತ್ತಿಬಿಟ್ಟರೆ ಕೆತ್ತನೆ ಚಪ್ಪಟೆಯಾಗಿ ಸಿಮೆಂಟ್ ಗೊಂಬೆ ಆಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಲ್ಲೇ ಕಲಿಯುತ್ತೀರಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಫ್ರೇಮಿನೊಳಗೆ ಬಂದ ಪ್ರವಾಸಿಗರನ್ನು ತೆಗೆಯುವುದು ಕ್ಲೋನ್ ಮತ್ತು ಹೀಲಿಂಗ್‌ಗೆ ಅಭ್ಯಾಸ. ಟ್ರೈಪಾಡ್ ತೆಗೆದುಕೊಂಡು ಹೋಗಬೇಡಿ, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಮುಳ್ಳಯ್ಯನಗಿರಿಯ ಮಂಜಿನ ಫೋಟೋ ಡೀಹೇಜ್, ಅಂದರೆ ಮಬ್ಬು ಕಡಿಮೆ ಮಾಡುವುದನ್ನು, ಕಲಿಯಲು. ಎಲ್ಲರೂ ಮಾಡುವ ತಪ್ಪು ಅಂದರೆ ಮಂಜನ್ನೇ ಪೂರ್ತಿ ತೆಗೆದುಬಿಡುವುದು. ಮಂಜು ನೋಡಲು ತಾನೇ ಅಷ್ಟು ಮೇಲೆ ಹತ್ತಿದ್ದು? ಮಾಸ್ಕ್ ಹಾಕಿ ಮುಂದಿನ ಹುಲ್ಲಿಗೆ ಮಾತ್ರ ಸ್ವಲ್ಪ ಕೊಡಿ, ಹಿಂದಿನ ಬೆಟ್ಟ ಹಾಗೇ ಇರಲಿ. ಬೇಸಿಗೆ ಶುರುವಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ತೆಗೆದ ಫೋಟೋದಲ್ಲಿ ಬಿಳಿ ಹೂವಿನ ಎಸಳು ಸುಟ್ಟುಹೋಗುತ್ತದೆ. ಅಂಥದ್ದನ್ನು ರಾ ಫೈಲ್‌ನಲ್ಲಿ (ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ಒಂದು, ಜೆಪೆಗ್‌ನಲ್ಲಿ ಒಂದು ತೆಗೆದು ಎರಡನ್ನೂ ಸರಿ ಮಾಡಲು ನೋಡಿ. ರಾ ಯಾಕೆ ಬೇಕು ಅನ್ನುವುದಕ್ಕೆ ಬೇರೆ ಪಾಠ ಬೇಡ.

ಮನೆಯಲ್ಲೇ ಮಾಡುವ ಒಂದು ಅಭ್ಯಾಸ ಇದೆ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಪಾಸ್‌ಪೋರ್ಟ್ ಸೈಜ್ ಫೋಟೋ ಮಾಡಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದು 413 × 531 ಪಿಕ್ಸೆಲ್. 4 × 6 ಇಂಚಿನ ಕಾಗದದಲ್ಲಿ ಅಂಥವು ಎಂಟು ಕೂರುತ್ತವೆ. ಕ್ರಾಪ್, ಅಳತೆ, ಹಿನ್ನೆಲೆ ಬದಲಾವಣೆ, ಲೇಯರ್ ಜೋಡಣೆ, ಪ್ರಿಂಟ್ ಎಲ್ಲವೂ ಒಂದೇ ಕೆಲಸದಲ್ಲಿ ಬಂತು. ಅಕ್ಕಪಕ್ಕದವರಿಗೆ ಮಾಡಿಕೊಟ್ಟರೆ ಮೊದಲ ಸಂಪಾದನೆಯೂ ಆಯಿತು.

ಕೋರ್ಸಿನಲ್ಲಿ ತೋರಿಸಿದ ಹಾಗೇ ಮಾಡಿದ್ರೂ ನಮ್ಮ ಮದುವೆ ಫೋಟೋ ಚೆನ್ನಾಗಿ ಬರಲ್ಲ. ಯಾಕೆ?

ಹೊರದೇಶದ ಕೋರ್ಸ್ ಆದರೆ ಅವರ ಬೆಳಕು, ಅವರ ಚರ್ಮದ ಬಣ್ಣ, ಅವರ ಬಟ್ಟೆ ಬೇರೆ. ನಮ್ಮ ಕಲ್ಯಾಣ ಮಂಟಪದಲ್ಲಿ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ನೇರಳೆ ಎಲ್‌ಇಡಿ, ಬಾಗಿಲಿನಿಂದ ಬಿಸಿಲು. ಇಡೀ ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವುದು) ಕೊಟ್ಟರೆ ಒಬ್ಬರಿಗೆ ಸರಿ, ಪಕ್ಕದವರಿಗೆ ಕಾಮಾಲೆ. ವರನ ಬಿಳಿ ಪಂಚೆಯ ನೆರಳಿನ ಭಾಗದ ಮೇಲೆ ವೈಟ್ ಬ್ಯಾಲೆನ್ಸ್ ಡ್ರಾಪರ್‌ನಿಂದ ಕ್ಲಿಕ್ ಮಾಡಿ ಶುರು ಮಾಡಿ, ಉಳಿದ ಕಡೆಗೆ ಮಾಸ್ಕ್ ಹಾಕಿ ಬಣ್ಣ ಸರಿ ಮಾಡಿ. ಅರಿಶಿನ ಶಾಸ್ತ್ರದ ಫೋಟೋಗೆ ಆಟೋ ಬಟನ್ ಒತ್ತಬೇಡಿ, ಅದು ಅರಿಶಿನವನ್ನೇ ತಪ್ಪು ಅಂದುಕೊಂಡು ಮುಖ ನೀಲಿ ಮಾಡುತ್ತದೆ.

ಕೆಂಪು ರೇಷ್ಮೆ ಸೀರೆ ಇನ್ನೊಂದು ತೊಂದರೆ. ಹಿಸ್ಟೋಗ್ರಾಂನಲ್ಲಿ (ಫೋಟೋದ ಬೆಳಕು ತೋರಿಸುವ ನಕ್ಷೆ) ಕೆಂಪು ಚಾನೆಲ್ ಬಲಗಡೆ ಗೋಡೆಗೆ ಒತ್ತಿಕೊಂಡಿದ್ದರೆ ಸೀರೆಯ ಮಡಿಕೆ, ಜರಿ ಎಲ್ಲ ಒಂದೇ ಕೆಂಪು ಮುದ್ದೆ ಆಗುತ್ತದೆ. ಸ್ಯಾಚುರೇಷನ್ ಏರಿಸುವುದನ್ನು ಬಿಟ್ಟು, ಕೆಂಪಿನ ಲ್ಯೂಮಿನೆನ್ಸ್ (ಹೊಳಪು) ಸ್ವಲ್ಪ ಇಳಿಸಿ ನೋಡಿ.

ಮುಖ ಬೆಳ್ಳಗೆ ಮಾಡಿ ಅಂತ ಕೇಳುವವರು ಬರುತ್ತಲೇ ಇರುತ್ತಾರೆ. ಬೆಳಕು ಕೊಡಿ, ಬಣ್ಣ ಬದಲಾಯಿಸಬೇಡಿ. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಹಾಲಿನ ಬಣ್ಣ ಬಳಿದ ಆಲ್ಬಂ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಚರ್ಮದ ಪಾಠ ಆರಿಸುವಾಗ ಕಪ್ಪು, ಗೋಧಿ, ಬಿಳಿ ಎಲ್ಲ ಬಣ್ಣದವರ ಮೇಲೂ ಮಾಡಿ ತೋರಿಸಿದ್ದಾರಾ, ಕೆಲಸ ಮುಗಿದ ಮೇಲೆ ಚರ್ಮದ ರಂಧ್ರ ಕಾಣುತ್ತದಾ ನೋಡಿ.

ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದುಹೋಗುತ್ತೆ. ಯಾವ ಕೋರ್ಸೂ ಇದನ್ನ ಹೇಳಿಕೊಡಲ್ಲ.

ನಿಜ. ಇಂಗ್ಲಿಷ್ ಪಾಠ ಮಾಡುವವರಿಗೆ ಈ ತೊಂದರೆಯೇ ಗೊತ್ತಿಲ್ಲ. ಹೊಸ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ (ಫೋನಿನಲ್ಲಿ ಟೈಪ್ ಮಾಡುವಂಥದ್ದು) ಸಾಮಾನ್ಯವಾಗಿ ಸರಿಯಾಗಿ ಬರುತ್ತದೆ. ಅದಕ್ಕಿಂತ ಸ್ವಲ್ಪ ಹಳೆಯದರಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ಟೆಕ್ಸ್ಟ್ ಎಂಜಿನ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳಿರುವ ಆಯ್ಕೆ ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್ ರೆಡಿ ಅನ್ನುವ ಆಯ್ಕೆ ಕಂಡರೆ ಅದನ್ನೂ ಹಾಕಿ. ತೀರಾ ಹಳೇ ಆವೃತ್ತಿಗಳಲ್ಲಿ ಇದು ನಡೆಯುವುದಿಲ್ಲ, ಅದಕ್ಕೇ ಅಂಗಡಿಗಳಲ್ಲಿ ಇನ್ನೂ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್ ಓಡುತ್ತಿವೆ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರನ್ನು ಆ ಫಾಂಟಿಗೆ ಹಾಕಬೇಕಾದರೆ ಮೊದಲು ಪರಿವರ್ತಕದಲ್ಲಿ ಬದಲಾಯಿಸಬೇಕು. ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಸರಿಯಾಗಿಯೇ ಮೂಡುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ ಫಾಂಟ್.

ಬದಲಾಯಿಸಿದ ಮೇಲೆ ಹೆಸರನ್ನು ಜೋರಾಗಿ ಒಂದು ಸಲ ಓದಿ. ಲಗ್ನಪತ್ರಿಕೆಯಲ್ಲಿ ಒಂದು ಒತ್ತು ಹೋದರೆ ಬೈಗುಳ ಡಿಸೈನರ್‌ಗೇ.

ಸ್ಕ್ರೀನಿನಲ್ಲಿ ಒಂದು ಬಣ್ಣ, ಪ್ರಿಂಟ್‌ನಲ್ಲಿ ಇನ್ನೊಂದು. ಇದಕ್ಕೂ ಕೋರ್ಸ್ ಬೇಕಾ?

ಬೇಡ. ಬಹಳ ಸಲ ಮಾನಿಟರ್ ಬೆಳಕು ತುಂಬ ಜಾಸ್ತಿ ಇಟ್ಟಿರುವುದೇ ಕಾರಣ, ಪ್ರಿಂಟ್ ಕಪ್ಪಾಗಿ ಬಂದಂತೆ ಕಾಣುತ್ತದೆ. ಬೆಳಕು ಇಳಿಸಿ. ಪ್ರಿಂಟ್ ಮಾಡುವ ಲ್ಯಾಬ್‌ನವರು ಬೇರೆ ಹೇಳದಿದ್ದರೆ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಪ್ರೊಫೈಲ್‌ನಲ್ಲೇ ಕಳಿಸಿ. ನಿಮ್ಮ ಲ್ಯಾಬ್‌ನಿಂದ ಒಂದು ಚಿಕ್ಕ ಪ್ರಿಂಟ್ ತರಿಸಿ ಸ್ಕ್ರೀನ್ ಪಕ್ಕ ಹಿಡಿದು ಹೊಂದಿಸಿಕೊಳ್ಳಿ.

ಈಗ ಎಐ ಎಲ್ಲಾ ಮಾಡುತ್ತಲ್ಲ. ಕಲಿಯೋ ಅಗತ್ಯ ಇದೆಯಾ?

ಎಐ ಕಸದ ಬುಟ್ಟಿ ತೆಗೆಯುತ್ತದೆ, ಕಡಿಮೆ ಬಿದ್ದ ಹಿನ್ನೆಲೆ ತುಂಬುತ್ತದೆ. ನಾನೂ ಬಳಸುತ್ತೇನೆ. ಆದರೆ ಮುಖದ ಹತ್ತಿರ ಬಂದರೆ ಎಚ್ಚರ. ಹುಡುಗಿಯ ಮೂಗುತಿಯ ಆಕಾರ ಬದಲಾಗುತ್ತದೆ, ಮಾಂಗಲ್ಯ ಸರದಲ್ಲಿ ಇಲ್ಲದ ಗುಂಡು ಬರುತ್ತದೆ, ಕೈಗೆ ಬೆರಳು ಜಾಸ್ತಿಯಾಗುತ್ತದೆ. ಮನೆಯವರು ಮೊದಲು ನೋಡುವುದೇ ಅದನ್ನು. ದೊಡ್ಡ ಶೀಟಿನಲ್ಲಿ ಎಐ ತುಂಬಿದ ಭಾಗ ಮಸುಕಾಗಿಯೂ ಕಾಣಬಹುದು. ಅದನ್ನು ಸರಿ ಮಾಡಲು ಮತ್ತೆ ಮಾಸ್ಕೇ ಬೇಕು. ಬರೀ ಎಐ ಕಲಿಸುವ ಕೋರ್ಸಿಗೆ ದುಡ್ಡು ಹಾಕಬೇಡಿ, ಆರು ತಿಂಗಳಲ್ಲಿ ಹಳೆಯದಾಗುತ್ತದೆ.

ಸರ್ಟಿಫಿಕೇಟ್ ಬೇಕಾ?

ಸ್ಟುಡಿಯೋದವರು ಯಾರೂ ಕೇಳುವುದಿಲ್ಲ. "ಮಾಡಿದ್ದು ತೋರಿಸು" ಅನ್ನುತ್ತಾರೆ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಹತ್ತು ಫೋಟೋ ಜೋಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುವವರಿಗೆ ಸರ್ಟಿಫಿಕೇಟ್ ಸ್ವಲ್ಪ ಉಪಯೋಗ ಆಗಬಹುದು.

ನಮ್ಮ ಯಜಮಾನ್ರು ಐವತ್ತು ದಾಟಿದಾರೆ, ಸ್ಟುಡಿಯೋ ಇದೆ. ಈಗ ಕಲಿಯೋಕೆ ಆಗುತ್ತಾ?

ಹುಡುಗರಿಗಿಂತ ಬೇಗ ಕಲಿಯುತ್ತಾರೆ. ಬೆಳಕು ಅವರಿಗೆ ಗೊತ್ತಿದೆ, ಬಟನ್ ಗೊತ್ತಿಲ್ಲ ಅಷ್ಟೇ.

ಎಷ್ಟು ದಿನ ಬೇಕು?

ದಿನಕ್ಕೆ ಒಂದು ಗಂಟೆ ಕೂತರೆ ಎರಡು ಮೂರು ತಿಂಗಳಲ್ಲಿ ಸ್ಟುಡಿಯೋದ ಸಾಮಾನ್ಯ ಕೆಲಸ ಕೈಗೆ ಬರುತ್ತದೆ. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಬರುವುದಿಲ್ಲ, ಶಾರ್ಟ್‌ಕಟ್ ಎಲ್ಲ ಮುಂದಿನ ಭಾನುವಾರಕ್ಕೆ ಮರೆತಿರುತ್ತದೆ.

ಮಾಡಿದ್ದು ಸರಿ ಇದೆಯಾ ಅಂತ ಹೇಳೋರು ಯಾರು?

ಆನ್‌ಲೈನ್ ಕಲಿಕೆಯ ದೊಡ್ಡ ಕೊರತೆ ಇದೇ. ಮನೆಯವರು "ಚೆನ್ನಾಗಿದೆ" ಅನ್ನುತ್ತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ. ನಿಮ್ಮ ಊರಿನ ಸ್ಟುಡಿಯೋಗೆ ಹೋಗಿ, ಮದುವೆ ಸೀಸನ್ ಇಲ್ಲದ ಆಷಾಢದಲ್ಲಿ ಹೋಗಿ, ನಿಮ್ಮ ಪಿಎಸ್‌ಡಿ ಫೈಲ್ ತೋರಿಸಿ. ಜೆಪೆಗ್ ಬೇಡ. ಲೇಯರ್ ನೋಡಿದರೆ ತಾನೇ ಎಲ್ಲಿ ಎಡವಿದ್ದೀರಿ ಅಂತ ಗೊತ್ತಾಗುವುದು. ಬಿಡುವಿದ್ದಾಗ ಹೇಳಿಕೊಡುವವರು ನಮ್ಮ ಕಡೆ ಇನ್ನೂ ಇದ್ದಾರೆ.

ಕೋರ್ಸ್ ಅರ್ಧಕ್ಕೆ ನಿಂತುಹೋಗಿದೆ. ಮತ್ತೆ ಮೊದಲಿಂದ ನೋಡ್ಲಾ?

ಬೇಡ. ಮೊದಲ ಹತ್ತು ಪಾಠಗಳನ್ನು ಮೂರು ಸಲ ನೋಡಿ ಹನ್ನೊಂದನೆಯದಕ್ಕೆ ಹೋಗದವರೇ ಜಾಸ್ತಿ. ಮನೆಯಲ್ಲಿರುವ ಒಂದು ಹಳೇ ಫೋಟೋ ತೆಗೆದುಕೊಳ್ಳಿ, ತಾತನದ್ದೋ ಅಜ್ಜಿಯದ್ದೋ, ಮಡಚಿ ಗೆರೆ ಬಿದ್ದದ್ದು. ಸ್ಕ್ಯಾನ್ ಮಾಡಿಸಿ ತೆರೆದು ರಿಪೇರಿ ಶುರು ಮಾಡಿ. ಕೈ ನಿಂತ ಜಾಗದ ಪಾಠ ಯಾವುದೋ ಅದೊಂದನ್ನೇ ಹುಡುಕಿ ನೋಡಿ, ಮತ್ತೆ ಫೋಟೋಗೆ ಬನ್ನಿ.